ವಯಸ್ಸಾದ ಸುಪಾರಿ ಹಂತಕನ ಪಾತ್ರ: ನಗಿಸಬೇಕು, ನಟನಿಗೆ ಪೆಟ್ಟಾಗಬಾರದು, ಹೇಗೆ?

ದಾವಣಗೆರೆಯಲ್ಲಿ 20 ನಿಮಿಷದ ಕಿರುಚಿತ್ರ, 62ರ ಸುಪಾರಿ ಹಂತಕ, ಕೊನೆಯದೊಂದು ಕೆಲಸ ಮುಗಿಸಿ ನಿವೃತ್ತಿ. ಹೊಡೆದಾಟ ನಗು ತರಿಸಬೇಕು, ವಯಸ್ಸಾದ ನಟನಿಗೆ ಏನೂ ಆಗಬಾರದು ಎಂದಿದ್ದೀರಿ.

ಅವನನ್ನು ಪೆದ್ದನನ್ನಾಗಿ ಮಾತ್ರ ಮಾಡಬೇಡಿ. ಕಸುಬು ಕೈಯಲ್ಲೇ ಇದೆ, ಮೈ ಜೊತೆಗೆ ಬರುತ್ತಿಲ್ಲ. ನಗು ಹುಟ್ಟುವುದು ಆ ಜಗ್ಗಾಟದಲ್ಲಿ. ಹಾಗಾಗಿ ವಯಸ್ಸಿನ ತೊಂದರೆಯನ್ನು ಸರಿಯಾಗಿ ಬರೆಯಿರಿ. ಚಾಳೀಸು ಬಂದವನಿಗೆ ದೂರದ್ದು ಕಾಣುತ್ತದೆ, ಹತ್ತಿರದ್ದು ಮಸುಕು. ದುರ್ಬೀನು ಹಾಕಿದ ಬಂದೂಕಿನಲ್ಲಿ ಗುರಿ ಸ್ಪಷ್ಟವಾಗಿಯೇ ಇರುತ್ತದೆ. ಮೊಬೈಲಿಗೆ ಬಂದ ವಿಳಾಸ ಓದಲಾಗುವುದಿಲ್ಲ. ಪಕ್ಕದಲ್ಲಿ ಬೆಣ್ಣೆ ದೋಸೆ ತಿನ್ನುತ್ತಿದ್ದವನ ಕೈಗೆ ಮೊಬೈಲ್ ಕೊಟ್ಟು ಓದಿಸುತ್ತಾನೆ. ಕೊಲ್ಲಬೇಕಾದವನೇ ಅವನು. "ಇದು ನಮ್ಮನೆ ವಿಳಾಸ ಅಲ್ರೀ ಯಜಮಾನ್ರೆ? ಬರ್ರಿ, ನಾನೇ ಕರ್ಕೊಂಡು ಹೋಗ್ತೀನಿ." ಕಿವಿಯೂ ಹಾಗೆಯೇ: ವಯಸ್ಸಾದಂತೆ ಮೊದಲು ಕೈಕೊಡುವುದು ಕೀಚಲು ಸದ್ದು. ಅಲಾರಂ ಕೇಳಿಸದು, ಹಿಂದೆ ನಿಂತವನ ದಪ್ಪ ದನಿ ಕೇಳಿಸುತ್ತದೆ. ಕೆಲವು ಬಿಪಿ ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ; ಬೆಳಿಗ್ಗೆ ಅದನ್ನು ನುಂಗಿ ಹೊಂಚು ಹಾಕಿ ಕೂತವನ ಪಾಡು ಒಂದು ಇಡೀ ದೃಶ್ಯವಾಗುತ್ತದೆ. ಇವುಗಳಲ್ಲಿ ಎರಡನ್ನಷ್ಟೇ ಆರಿಸಿ. ಮೊದಲ ಸಲ ಸುಮ್ಮನೆ ಕಾಣಲಿ, ಎರಡನೇ ಸಲ ಕೆಲಸ ಕೆಡಿಸಲಿ, ಮೂರನೇ ಸಲ ಅದೇ ಅವನನ್ನು ಉಳಿಸಲಿ. 20 ನಿಮಿಷದಲ್ಲಿ ಇದಕ್ಕಿಂತ ಹೆಚ್ಚು ತುರುಕಿದರೆ ಯಾವುದೂ ನಾಟುವುದಿಲ್ಲ.

ಹೊಡೆದಾಟದಲ್ಲಿ ಒಂದು ಶಾಟ್‌ಗೆ ಎರಡು ಮೂರು ಏಟು ಸಾಕು. ಮುಷ್ಟಿ ಮುಖದಿಂದ ಒಂದು ಗೇಣು ದೂರದಲ್ಲಿ ಹಾದುಹೋಗಲಿ. ಕ್ಯಾಮೆರಾ ಹೊಡೆಯುವವನ ಅಥವಾ ಏಟು ತಿನ್ನುವವನ ಹೆಗಲ ಹಿಂದಿರಲಿ. ಪಕ್ಕದಿಂದ ತೆಗೆದರೆ ನಡುವಿನ ಜಾಗ ಕಂಡು ಏಟು ಸುಳ್ಳಾಗುತ್ತದೆ. ಏಟಿಗೆ ಪ್ರಾಣ ಕೊಡುವುದು ತಿನ್ನುವವನ ತಲೆಯ ತಿರುವು, ಆಮೇಲೆ ಸೇರಿಸುವ ಸದ್ದು. ಮೊದಲು ಅರ್ಧ ವೇಗದಲ್ಲಿ ಅಭ್ಯಾಸ ಮಾಡಿಸಿ. ಬೀಳುವ ಶಾಟ್‌ಗಳಿಗೆ ಡ್ಯೂಪ್ ಬೇಕೇ ಬೇಕು, ಇಬ್ಬರಿಗೂ ಒಂದೇ ತರಹದ ಅಂಗಿ ಹೊಲಿಸಿ. ನಿಮ್ಮ ನಟ ಮಾಡಬೇಕಾದ್ದು ಬಿದ್ದ ಮೇಲೆ ಏಳುವುದು: ಮಂಡಿ ಹಿಡಿದು, ಎದುರಾಳಿಯ ಕೈಯನ್ನೇ ಊರುಗೋಲು ಮಾಡಿಕೊಂಡು. ಅದನ್ನು ಕತ್ತರಿಸದೆ ಒಂದೇ ಶಾಟ್‌ನಲ್ಲಿ ತೆಗೆಯಿರಿ.

ಜಾಗಕ್ಕೆ ನನ್ನ ಆಯ್ಕೆ ಮಂಡಕ್ಕಿ ಭಟ್ಟಿ. ಮಂಡಕ್ಕಿ ಚೀಲ ನೋಡಲು ಭಾರಿ, ಎತ್ತಲು ಹಗುರ. ಮುದುಕ ಅದನ್ನು ಎಸೆದರೂ ನಂಬುವಂತಿರುತ್ತದೆ. ಆದರೆ ಅದನ್ನೇ ಹಾಸಿಗೆ ಎಂದುಕೊಳ್ಳಬೇಡಿ. ಒಮ್ಮೆ ಬಿದ್ದರೆ ಪುಡಿಯಾಗಿ ತಗ್ಗುತ್ತದೆ, ಎರಡನೇ ಟೇಕ್‌ಗೆ ನೆಲವೇ ತಾಗುತ್ತದೆ. ಅಡಿಯಲ್ಲಿ ದಪ್ಪ ಫೋಮ್ ಹಾಕಿ. ಹುರಿಯುವ ಮರಳು ಚರ್ಮ ಸುಡುವಷ್ಟು ಕಾದಿರುತ್ತದೆ, ಒಲೆ ಆರಿ ಮರಳು ತಣ್ಣಗಾದ ಮೇಲೆಯೇ ಚಿತ್ರೀಕರಣ. ಹೊಗೆ, ದೂಳಿನ ನಡುವೆ ಲೆನ್ಸ್ ಬದಲಿಸಬೇಡಿ.

ಚಿತ್ರದುರ್ಗದ ಕೋಟೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುವ ದೃಶ್ಯ ಬೇಕೆನಿಸಿದರೆ ಪುರಾತತ್ವ ಇಲಾಖೆಯ ಅನುಮತಿಗೆ ಬಹಳ ಮುಂಚೆಯೇ ಅರ್ಜಿ ಹಾಕಿ. ಓಬವ್ವನ ಕಿಂಡಿಯಲ್ಲಿ ಮಾತ್ರ ತಮಾಷೆ ಬೇಡ, ಅದು ಜನ ಕೈಮುಗಿಯುವ ಜಾಗ. ಬೀದಿಯಲ್ಲಿ ಆಟದ ಪಿಸ್ತೂಲು ತೋರಿಸುವುದಿದ್ದರೂ ಆ ಸರಹದ್ದಿನ ಠಾಣೆಗೆ ಲಿಖಿತವಾಗಿ ತಿಳಿಸಿ, ಅದರ ಪ್ರತಿ ಜೇಬಿನಲ್ಲಿರಲಿ. ಶಾಟ್ ಮುಗಿದ ಕೂಡಲೇ ಪಿಸ್ತೂಲು ಪೆಟ್ಟಿಗೆ ಸೇರಬೇಕು. ಅದಕ್ಕೆಂದೇ ಒಬ್ಬರನ್ನು ನೇಮಿಸಿ.