ಅವ್ವನ ಮೊಣಕಾಲು, ಹದಿನೆಂಟು ಲಕ್ಷದ ಗಾಡಿ

ಬಾಗಲಕೋಟೆಯ ನವನಗರದಿಂದ ಪ್ರೌಢಶಾಲೆಯ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ಮನೆಯಲ್ಲಿ ಆರು ಜನ. ನಾನು, ಹೆಂಡತಿ, ಹತ್ತನೆಯ ತರಗತಿಯ ಮಗ, ನಾಲ್ಕನೆಯ ತರಗತಿಯ ಮಗಳು, ಅಪ್ಪ, ಅವ್ವ. ಅವ್ವನಿಗೆ ಮೊಣಕಾಲು ನೋವು. ತಿಂಗಳಿಗೊಮ್ಮೆ ಮುಧೋಳದ ಆಚೆಗಿನ ನಮ್ಮ ಹಳ್ಳಿಗೆ, ಆಗಾಗ ಹುಬ್ಬಳ್ಳಿಯ ಆಸ್ಪತ್ರೆಗೆ, ವರ್ಷಕ್ಕೊಮ್ಮೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತೇವೆ. ಕೈಯಲ್ಲಿ ಆರು ಲಕ್ಷ ಇದೆ, ಉಳಿದದ್ದು ಸಾಲ. ಎಲ್ಲ ಸೇರಿ ಹದಿನೆಂಟು ಲಕ್ಷ ದಾಟಬಾರದು. ಸ್ಕಾರ್ಪಿಯೋ-ಎನ್ ಬಿಟ್ಟರೆ ಬೇರೆಯದು ಗಾಡಿಯೇ ಅಲ್ಲ ಎನ್ನುತ್ತಾರೆ ಅಥಣಿಯ ನಮ್ಮ ಭಾವ. ಮಗನಿಗೆ ಕ್ರೆಟಾ ಬೇಕು, ಅದಕ್ಕೆ ಸನ್‌ರೂಫ್ ಇರಬೇಕು. ನಾನು ಆರಾಮ ನೋಡಲೋ, ಕೊಟ್ಟ ಹಣಕ್ಕೆ ಸಿಗುವುದನ್ನು ನೋಡಲೋ? ಡೀಸೆಲ್ಲೋ, ಪೆಟ್ರೋಲೋ? ಡಿಸೆಂಬರ್‌ನಲ್ಲಿ ಕೊಂಡರೆ ಅಗ್ಗವೆನ್ನುವುದು ನಿಜವೇ?’

ಮಾಸ್ತರರೇ,

ನಿಮ್ಮ ಪತ್ರದಲ್ಲಿ ಭಾವನವರ ಆಸೆ ಇದೆ, ಮಗನ ಆಸೆಯೂ ಇದೆ. ಅವ್ವನ ವಿಷಯಕ್ಕೆ ಬಂದರೆ ನೋವು ಮಾತ್ರ ಇದೆ, ಅಭಿಪ್ರಾಯ ಇಲ್ಲ. ಆದ್ದರಿಂದ ಅವರಿಂದಲೇ ಶುರುಮಾಡುತ್ತೇನೆ.

ಮೊಣಕಾಲು ನೋವಿರುವವರಿಗೆ ತಗ್ಗಿನ ಕಾರು ಕಷ್ಟ ಎನ್ನುವುದು ಎಲ್ಲರಿಗೂ ಗೊತ್ತು. ಕುಳಿತುಕೊಳ್ಳುವಾಗ ಕುಸಿಯಬೇಕು, ಏಳುವಾಗ ಮೊಣಕಾಲಿನ ಮೇಲೆ ಭಾರ ಹಾಕಿ ಏಳಬೇಕು. ತೀರಾ ಎತ್ತರದ ಗಾಡಿಯೂ ಅಷ್ಟೇ ಕಷ್ಟ. ಒಂದೇ ಕಾಲನ್ನು ಮೇಲಿಟ್ಟು ಇಡೀ ಮೈಯನ್ನು ಎತ್ತಿಕೊಳ್ಳಬೇಕು, ಆಗ ಮೆಟ್ಟಿಲು ಹತ್ತುವಾಗಿನ ನೋವೇ ಬರುತ್ತದೆ. ಕಾಲಿಡುವ ಪಟ್ಟಿಯನ್ನು ಕೂಡಿಸಿದರೆ ಅರ್ಧ ಪರಿಹಾರ, ಆದರೆ ಸೀರೆಯ ನೆರಿಗೆ ಹಿಡಿದುಕೊಂಡು ಕಿರಿದಾದ ಆ ಪಟ್ಟಿಯ ಮೇಲೆ ಕಾಲೂರಿ ತಿರುಗುವುದು ನಮಗೆ ನಿಮಗೆ ತೋರುವಷ್ಟು ಸಲೀಸಲ್ಲ. ಬಾಗಿಲ ಬಳಿ ಬೆನ್ನು ಮಾಡಿ ನಿಂತು ಹಾಗೆಯೇ ಸೀಟಿನ ಮೇಲೆ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಳಗೆ ಎಳೆದುಕೊಳ್ಳುವಂತಿರಬೇಕು. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಮನೆಯಲ್ಲಿ ಅವ್ವ ಯಾರ ಆಸರೆಯೂ ಇಲ್ಲದೆ ಕುಳಿತು ಏಳುವ ಕುರ್ಚಿಯ ಅಥವಾ ಮಂಚದ ಎತ್ತರವನ್ನು ಟೇಪಿನಿಂದ ಅಳೆಯಿರಿ. ಷೋರೂಮಿನಲ್ಲಿ ನೆಲದಿಂದ ಹಿಂದಿನ ಸೀಟಿನವರೆಗೂ ಅಳೆಯಿರಿ. ಗಾಡಿಯ ಸೀಟು ತುಸು ಮೇಲಿದ್ದರೆ ಒಳ್ಳೆಯದೇ, ಒಂದು ಗೇಣು ಮೇಲಿದ್ದರೆ ಬೇಡ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಮೇಲೆ ಹಿಡಿದುಕೊಳ್ಳಲು ಹಿಡಿಕೆ ಇದೆಯೇ ಎಂಬುದನ್ನೂ ಆಗಲೇ ನೋಡಿ. ಮಾರಾಟದ ಹುಡುಗ ನಗುತ್ತಾನೆ, ನಗಲಿ.

ಇನ್ನು ರಸ್ತೆ. ಎಸ್‌ಯುವಿ ಎಂದೊಡನೆ ನಮ್ಮ ಕಡೆ ಎಲ್ಲರೂ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಗಾಡಿಯ ತಳ ನೆಲದಿಂದ ಎಷ್ಟು ಮೇಲಿದೆ ಎಂದು ಕೇಳುತ್ತಾರೆ. ನಿಮ್ಮ ದಾರಿಗಳಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಬಾಗಲಕೋಟೆಯಿಂದ ನರಗುಂದ, ನವಲಗುಂದದ ಮೇಲೆ ಹುಬ್ಬಳ್ಳಿಗೆ ಹೋಗುವ ಸೀಮೆಯನ್ನೇ ನೆನೆಸಿಕೊಳ್ಳಿ. ಅದು ಎರೆ ಭೂಮಿ. ಮಳೆಗಾಲದಲ್ಲಿ ಆ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಕಿತ್ತು ಹೋಗದಿದ್ದರೂ ಕೆಳಗಿನ ನೆಲ ಕದಲುವುದರಿಂದ ರಸ್ತೆ ಅಲೆ ಅಲೆಯಾಗಿ ಏಳುತ್ತದೆ. ಗುಂಡಿ ಕಣ್ಣಿಗೆ ಕಾಣುತ್ತದೆ, ಬ್ರೇಕ್ ಹಾಕುತ್ತೇವೆ. ಈ ಅಲೆ ಕಾಣುವುದಿಲ್ಲ. ಎಂಬತ್ತರ ವೇಗದಲ್ಲಿ ಗಾಡಿ ಒಮ್ಮೆ ಏಳುತ್ತದೆ, ಬೀಳುತ್ತದೆ, ಅದು ನಿಲ್ಲುವಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ. ಇಲ್ಲಿ ಗಾಡಿ ನೆಲದಿಂದ ಎಷ್ಟು ಮೇಲಿದೆ ಎನ್ನುವುದಕ್ಕೆ ಬೆಲೆಯಿಲ್ಲ. ಎದ್ದ ಗಾಡಿಯನ್ನು ಶಾಕ್ ಅಬ್ಸಾರ್ಬರ್ ಎಷ್ಟು ಬೇಗ ಸುಮ್ಮನಾಗಿಸುತ್ತದೆ ಎನ್ನುವುದಕ್ಕೆ ಬೆಲೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಉದ್ದವಿದ್ದಷ್ಟೂ ಓಲಾಟ ಕಡಿಮೆ. ಎತ್ತರದ ಭಾರವಾದ ಗಾಡಿ ಹಳ್ಳಿಯ ಕಲ್ಲು ದಾರಿಯಲ್ಲಿ ರಾಜನಂತೆ ಹೋಗಬಹುದು, ಆದರೆ ಈ ಅಲೆಗಳ ಮೇಲೆ ಅದೇ ಎತ್ತರ ಪಕ್ಕಕ್ಕೆ ತೂಗಾಡಿಸುತ್ತದೆ. ನಿಮ್ಮ ಮಗಳಿಗೆ ವಾಂತಿಯ ಅಭ್ಯಾಸ ಇದ್ದರೆ ಇದು ಸಣ್ಣ ಮಾತಲ್ಲ.

ಟೈರಿನ ಮೇಲೆ ಬರೆದಿರುವ ಅಂಕಿಗಳನ್ನು ಓದುವುದು ಗೊತ್ತಿದ್ದರೆ ಅರ್ಧ ಆರಾಮ ಅಲ್ಲೇ ತಿಳಿಯುತ್ತದೆ. 205/65 ಆರ್16 ಎಂದರೆ ಟೈರಿನ ಅಗಲ 205 ಮಿಲಿಮೀಟರ್, ಅದರ ಶೇಕಡಾ 65ರಷ್ಟು ಗೋಡೆಯ ಎತ್ತರ, ಅಂದರೆ ಸುಮಾರು 133 ಮಿಲಿಮೀಟರ್ ರಬ್ಬರು. ಕೊನೆಯ 16 ಎಂದರೆ ಗಾಲಿಯ ಇಂಚು. 215/55 ಆರ್18 ಆದರೆ 118 ಮಾತ್ರ. ನೋಡಲು ಹದಿನೆಂಟು ಇಂಚಿನ ಗಾಲಿ ಚೆಂದ, ಮೇಲಿನ ದರ್ಜೆಯ ಮಾದರಿಗಳಿಗೆ ಹೆಚ್ಚಾಗಿ ಅದನ್ನೇ ಹಾಕುತ್ತಾರೆ. ಪೆಟ್ಟು ತಿನ್ನುವ ರಬ್ಬರು ಕಡಿಮೆ, ಬದಲಿಸುವಾಗ ಬೆಲೆ ಹೆಚ್ಚು. ಹೆಚ್ಚು ಹಣ ಕೊಟ್ಟು ಕಡಿಮೆ ಆರಾಮ ಕೊಳ್ಳುವ ಅಪರೂಪದ ಅವಕಾಶ ಇದು.

ನಿಮ್ಮ ಮಗನಿಗೆ ಬೇಸರವಾಗುವ ಮಾತು ಈಗ. ಕ್ರೆಟಾ ಒಳ್ಳೆಯ ಗಾಡಿ, ಸೀಟಿನ ಎತ್ತರವೂ ಅವ್ವನಿಗೆ ಒಗ್ಗಬಹುದು, ಆದರೆ ಅದರಲ್ಲಿ ಇರುವುದು ಐದು ಸೀಟು, ನೀವು ಆರು ಜನ. ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೋಗುವುದು ನಮ್ಮಲ್ಲಿ ರೂಢಿ ಎನ್ನುತ್ತೀರಿ. ಬ್ರೇಕ್ ಬಿದ್ದ ಕ್ಷಣದಲ್ಲಿ ನಾಲ್ಕನೆಯ ತರಗತಿಯ ಮಗುವನ್ನು ಯಾರ ತೋಳೂ ಹಿಡಿದಿಡಲಾರದು. ಅಪಘಾತವಾದರೆ ವಿಮೆಯವರು ಮೊದಲು ಎಣಿಸುವುದೂ ತಲೆಗಳನ್ನೇ. ತಿಂಗಳಿಗೊಮ್ಮೆ ಆರೂ ಜನ ಹೋಗುವುದು ಖಚಿತವಾದರೆ ಐದು ಸೀಟಿನ ಯಾವ ಗಾಡಿಯೂ ನಿಮ್ಮ ಪಟ್ಟಿಯಲ್ಲಿ ಇರಬಾರದು.

ಹಾಗಾದರೆ ಮೂರು ಸಾಲು. ಮೂರನೆಯ ಸಾಲಿನಲ್ಲಿ ಯಾರು ಕೂರುತ್ತಾರೆ? ಮಕ್ಕಳು, ಅಲ್ಲವೇ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಹಿಂದಿನ ಗಾಲಿಯ ಮೇಲೆ ಅಥವಾ ಅದರಾಚೆ ಕೂರುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಹತ್ತನೆಯ ತರಗತಿಯ ಹುಡುಗನ ಕಾಲು ಇನ್ನೆರಡು ವರ್ಷದಲ್ಲಿ ನಿಮ್ಮದಕ್ಕಿಂತ ಉದ್ದವಾಗುತ್ತದೆ. ನೆಲ ಎತ್ತರವಿದ್ದು ಸೀಟು ತಗ್ಗಿದ್ದರೆ ಮೊಣಕಾಲು ಎದೆಗೆ ಬರುತ್ತದೆ. ಎತ್ತರದ ಗಟ್ಟಿ ಚಾಸಿಯ, ಅಂದರೆ ಕಬ್ಬಿಣದ ಚೌಕಟ್ಟಿನ ಮೇಲೆ ಮೈ ಕೂಡಿಸಿದ ಗಾಡಿಗಳಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಕಾಲಿಡುವ ನೆಲದ ಕೆಳಗೆ ಚಾಸಿಯೂ ಇರುತ್ತದೆ. ಸ್ಕಾರ್ಪಿಯೋ-ಎನ್ ಅಂಥ ಗಾಡಿ. ಮೂರೂ ಸಾಲು ತುಂಬಿದರೆ ಅದರ ಹಿಂದೆ ಉಳಿಯುವ ಜಾಗದಲ್ಲಿ ಒಂದೆರಡು ಚೀಲ ನಿಲ್ಲಿಸಬಹುದು, ಅಷ್ಟೇ. ಮಾರುತಿಯ ಏಳು ಸೀಟಿನ ಗಾಡಿ ಎರ್ಟಿಗಾದಲ್ಲಿ ಮೂರೂ ಸಾಲು ಎದ್ದಿರುವಾಗ ಡಿಕ್ಕಿ 209 ಲೀಟರ್, ಕೊನೆಯ ಸಾಲು ಮಡಚಿದರೆ 550. ಹಳ್ಳಿಯಿಂದ ಬರುವಾಗ ಜೋಳದ ಚೀಲ ತರುವವರು ನೀವು, ತರದೆ ಇರುವವರಲ್ಲ. ಆರು ಜನ ಮತ್ತು ಒಂದು ಚೀಲ ಎಂಬ ಲೆಕ್ಕವನ್ನು ಷೋರೂಮಿನಲ್ಲೇ ಮುಗಿಸಿ. ಸಿಎನ್‌ಜಿ ಮಾದರಿ ನೋಡಿದರೆ ಸಿಲಿಂಡರ್ ಡಿಕ್ಕಿಯಲ್ಲೇ ಕೂರುತ್ತದೆ, ಜೋಳ ಹೊರಗೆ.

ಭಾವನವರ ಮೇಲೆ ನನಗೆ ಸಿಟ್ಟಿಲ್ಲ. ಅಥಣಿಯ ಕಡೆ ಕಬ್ಬಿನ ಹೊಲದ ದಾರಿಯಲ್ಲಿ, ಟ್ರ್ಯಾಕ್ಟರ್ ಕೊರೆದ ಗಾಡಿಜಾಡಿನಲ್ಲಿ ದಿನವೂ ಓಡಾಡುವವರಿಗೆ ಸ್ಕಾರ್ಪಿಯೋ ಸರಿಯಾದ ಆಯ್ಕೆಯೇ. 2022ರಲ್ಲಿ ಗಾಡಿಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಸ್ಕಾರ್ಪಿಯೋ-ಎನ್ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆದಿದೆ, ಮಾರುವಾಗಲೂ ನಮ್ಮ ಜಿಲ್ಲೆಗಳಲ್ಲಿ ಗಿರಾಕಿ ಹುಡುಕುವ ಕಷ್ಟವಿಲ್ಲ. ಆದರೆ ಅವರು ಕೂರುವುದು ಸ್ಟಿಯರಿಂಗ್ ಹಿಂದೆ. ಪರೀಕ್ಷೆಯ ಓಟಕ್ಕೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಕೊನೆಯ ಸಾಲಿನಲ್ಲಿ ಕೂಡಿಸಿ. ಆಮೇಲೆ ಅವರ ಅಭಿಪ್ರಾಯ ಕೇಳಿ.

ಈಗ ಹಣ. ಹದಿನೆಂಟು ಲಕ್ಷವೆಂದರೆ ಷೋರೂಮ್ ಬೆಲೆ ಹದಿನಾಲ್ಕೂವರೆ ಲಕ್ಷದ ಆಸುಪಾಸು ಎಂದು ತಿಳಿಯಿರಿ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಜೀವಾವಧಿ ತೆರಿಗೆ ಶೇಕಡಾ 17. ತೆರಿಗೆಯ ಮೇಲೆ ಸೆಸ್ ಕೂಡಿ ಎರಡೂ ಮುಕ್ಕಾಲು ಲಕ್ಷದ ಹತ್ತಿರ ಅಲ್ಲೇ ಹೋಗುತ್ತದೆ, ಉಳಿದದ್ದು ವಿಮೆಗೆ. ಹತ್ತು ಲಕ್ಷ ಮೀರಿದ ಗಾಡಿಗೆ ಶೇಕಡಾ 1 ಟಿಸಿಎಸ್, ಅಂದರೆ ಮಾರುವವರೇ ನಿಮ್ಮಿಂದ ಮುಂಗಡವಾಗಿ ಪಡೆದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ ಹಿಡಿಯುತ್ತಾರೆ. ಅದು ಕಳೆದುಹೋದ ಹಣವಲ್ಲ, ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ಲೆಕ್ಕಕ್ಕೆ ಹಿಡಿಸಿಕೊಳ್ಳಿ, ಬಹಳ ಜನ ಮರೆಯುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಮತ್ತು 1500 ಸಿಸಿವರೆಗಿನ ಡೀಸೆಲ್ ಗಾಡಿಗೆ ಶೇಕಡಾ 18, ಅದಕ್ಕಿಂತ ದೊಡ್ಡದಕ್ಕೆ 40. ಮೂರು ಸಾಲಿನ ಎರ್ಟಿಗಾ, ಕಿಯಾ ಕಂಪನಿಯ ಕ್ಯಾರೆನ್ಸ್, ಸ್ಕಾರ್ಪಿಯೋ-ಎನ್ ಎಲ್ಲವೂ ನಲವತ್ತರ ಗುಂಪಿನವೇ.

ಹನ್ನೆರಡು ಲಕ್ಷ ಸಾಲಕ್ಕೆ ಶೇಕಡಾ 9 ಬಡ್ಡಿ ಎಂದು ಹಿಡಿಯೋಣ. ಏಳು ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 19,300 ರೂಪಾಯಿ, ಒಟ್ಟು ಬಡ್ಡಿ ನಾಲ್ಕೂಕಾಲು ಲಕ್ಷದ ಹತ್ತಿರ. ಐದು ವರ್ಷಕ್ಕೆ ಕಂತು 24,900, ಬಡ್ಡಿ ಮೂರು ಲಕ್ಷಕ್ಕೆ ತುಸು ಕಡಿಮೆ. ಕಂತು ಸಣ್ಣದಾಯಿತೆಂದು ಒಂದು ದರ್ಜೆ ಮೇಲಿನ ಮಾದರಿಗೆ ಹೋಗುವವರೇ ಹೆಚ್ಚು. ಹತ್ತನೆಯ ತರಗತಿಯ ಹುಡುಗ ಇನ್ನು ಎರಡು ಮೂರು ವರ್ಷದಲ್ಲಿ ಡಿಗ್ರಿ ಕಾಲೇಜಿಗೆ ಹೋಗುತ್ತಾನೆ ಎನ್ನುವುದನ್ನು ಬ್ಯಾಂಕಿನವರು ನಿಮಗೆ ನೆನಪಿಸುವುದಿಲ್ಲ. ಸಾಲವನ್ನು ಎಂಟು ಲಕ್ಷಕ್ಕೆ ಇಳಿಸುವ ಗಾಡಿ ಸಿಕ್ಕರೆ ಅದನ್ನೇ ಮೊದಲು ನೋಡಿ.

ಡೀಸೆಲ್ ವಿಷಯ ಚಿಕ್ಕದು. ನೀವು ಹೇಳುವ ಓಡಾಟ, ನವನಗರದೊಳಗಿನದೂ ಸೇರಿ, ವರ್ಷಕ್ಕೆ ಒಂಬತ್ತು ಸಾವಿರ ಕಿಲೋಮೀಟರ್ ಇರಬಹುದು. ಪೆಟ್ರೋಲ್ 103 ರೂಪಾಯಿಗೆ ಹದಿಮೂರು ಕಿಲೋಮೀಟರ್, ಡೀಸೆಲ್ 91ಕ್ಕೆ ಹದಿನೇಳು ಎಂದು ಹಿಡಿದರೆ ವರ್ಷಕ್ಕೆ ಉಳಿಯುವುದು ಇಪ್ಪತ್ಮೂರು ಸಾವಿರ. ಡೀಸೆಲ್ ಮಾದರಿಗೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟರೆ ಅದು ಮರಳಿ ಬರಲು ಆರೂವರೆ ವರ್ಷ ಬೇಕು. ಅದರ ಮೇಲೆ, 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಎಂಬ ಹೊಗೆಯ ನಿಯಮದ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಹೆದ್ದಾರಿಯಲ್ಲಿ ಕಾದು ಓಡಬೇಕು. ಮನೆ, ಶಾಲೆ, ಸಂತೆ ಎಂದು ಎರಡೆರಡು ಕಿಲೋಮೀಟರ್ ಓಡಿಸಿದರೆ ಜಾಲರಿ ಕಟ್ಟಿಕೊಳ್ಳುತ್ತದೆ. ನಿಮಗೆ ಪೆಟ್ರೋಲೇ ಸರಿ. ಅದರಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುವುದರಿಂದ ಮೈಲೇಜು ತುಸು ಇಳಿಯುತ್ತದೆ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ. ನಿಮ್ಮ ಮುಧೋಳದ ಕಬ್ಬಿನ ಪಾಲೂ ಅದರಲ್ಲಿ ಇದ್ದೀತು, ಆದ್ದರಿಂದ ಪೂರ್ತಿ ಬಯ್ಯುವ ಹಾಗೂ ಇಲ್ಲ.

ಸನ್‌ರೂಫ್ ಬಗ್ಗೆ ಮಗನಿಗೆ ನನ್ನ ಪರವಾಗಿ ಒಂದೇ ಪ್ರಶ್ನೆ ಕೇಳಿ. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ಮುಟ್ಟುವ ಊರಿನಲ್ಲಿ, ತಲೆಯ ಮೇಲೆ ತಗಡಿನ ಬದಲು ಗಾಜು ಯಾಕೆ ಬೇಕು? ಆ ಹಣಕ್ಕೆ ಎರಡನೆಯ ಮತ್ತು ಮೂರನೆಯ ಸಾಲಿಗೆ ಪ್ರತ್ಯೇಕ ಎಸಿ ಕಿಂಡಿ, ಆರು ಏರ್‌ಬ್ಯಾಗ್, ಚೆನ್ನಾಗಿ ಬೆಳಕು ಬೀರುವ ಹೆಡ್‌ಲೈಟ್ ಕೇಳಿ. ಕಬ್ಬಿನ ಹಂಗಾಮಿನಲ್ಲಿ ಲೋಕಾಪುರ, ಮುಧೋಳದ ದಾರಿಯಲ್ಲಿ ರಾತ್ರಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಹೋಗುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಭಾವನವರು ಮಹಾರಾಷ್ಟ್ರದ ವಿಳಾಸದಲ್ಲಿ ನೋಂದಣಿ ಮಾಡಿಸಿದರೆ ತೆರಿಗೆ ಉಳಿಯುತ್ತದೆ ಎಂದೂ ಹೇಳಿರಬಹುದು, ಆ ಮಾತು ಗಡಿಯ ತಾಲ್ಲೂಕುಗಳಲ್ಲಿ ಹೊಸದಲ್ಲ. ಬೇಡ. ಹನ್ನೆರಡು ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿಯೇ ಮರು ನೋಂದಣಿ ಮಾಡಿಸಬೇಕು, ಸುಳ್ಳು ವಿಳಾಸ ಕೊಟ್ಟ ಶಿಕ್ಷಕರೆಂಬ ಹೆಸರೂ ನಿಮಗೆ ಬೇಕಿಲ್ಲ. ನಿಮ್ಮ ಗಾಡಿಗೆ ಕೆಎ-29 ಚೆನ್ನಾಗಿಯೇ ಕಾಣುತ್ತದೆ.

ನನ್ನನ್ನೇ ಕೇಳಿದರೆ, ಕ್ಯಾರೆನ್ಸ್ ಮತ್ತು ಎರ್ಟಿಗಾ ಎರಡನ್ನೂ ಮಧ್ಯದ ದರ್ಜೆಯ ಪೆಟ್ರೋಲ್ ಮಾದರಿಯಲ್ಲಿ ನೋಡಿ. ಎಸ್‌ಯುವಿ ಎಂದು ಯಾರೂ ಎದ್ದು ನಿಂತು ನಮಸ್ಕಾರ ಮಾಡುವುದಿಲ್ಲ, ಆದರೆ ಅವ್ವ ಹತ್ತಿ ಕೂರುತ್ತಾರೆ, ಸಾಲವೂ ಹಗುರಾಗುತ್ತದೆ. ಎರಡನ್ನೂ ಆರೂ ಜನ ಕೂತುಕೊಂಡೇ ಓಡಿಸಿ. ಖಾಲಿ ಗಾಡಿ ಒಂದು ತರಹ, ತುಂಬಿದ ಗಾಡಿ ಇನ್ನೊಂದು. ನವನಗರದ ನುಣುಪು ರಸ್ತೆಯಲ್ಲಿ ಸುತ್ತಿಸಿ ತರುತ್ತೇನೆಂದರೆ ಒಪ್ಪಬೇಡಿ, ಅಲೆ ಎದ್ದ ದಾರಿಗೇ ಕರೆದೊಯ್ಯಲಿ. ಯಾವುದರಿಂದ ಇಳಿದಾಗ ಅವ್ವನ ಮುಖ ಸುಕ್ಕಾಗಿಲ್ಲವೋ ಅದು ನಿಮ್ಮದು. ಎರಡೂ ಸಮನಾದರೆ, ಯಾವ ಕಂಪನಿಯ ಸರ್ವಿಸ್ ಬಾಗಲಕೋಟೆಯಲ್ಲೇ ಚೆನ್ನಾಗಿ ಆಗುತ್ತದೆ ಎಂದು ಇಬ್ಬರು ಮೂವರು ಮಾಲೀಕರನ್ನು ಕೇಳಿ ನಿರ್ಧರಿಸಿ.

ಡಿಸೆಂಬರ್‌ನಲ್ಲಿ ರಿಯಾಯಿತಿ ನಿಜ. ವರ್ಷ ಬದಲಾದರೆ ಗಾಡಿ ಒಂದು ವರ್ಷ ಹಳೆಯದೆಂದು ಎಣಿಕೆಯಾಗುವುದರಿಂದ ವಿತರಕರಿಗೆ ಖಾಲಿ ಮಾಡುವ ಅವಸರ ಇರುತ್ತದೆ. ಮೂರು ವರ್ಷಕ್ಕೆ ಮಾರುವವರು ಆ ರಿಯಾಯಿತಿಯನ್ನು ಮಾರುವಾಗ ಕಳೆದುಕೊಳ್ಳುತ್ತಾರೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ಉಳಿತಾಯವೇ. ತಯಾರಾದ ತಿಂಗಳು ಯಾವುದು ಎಂದು ಕಾಗದದಲ್ಲಿ ಕೇಳಿ ಪಡೆಯಿರಿ, ಐದಾರು ತಿಂಗಳು ಬಿಸಿಲಲ್ಲಿ ನಿಂತ ಗಾಡಿಯಾದರೆ ಬ್ಯಾಟರಿ ಮತ್ತು ಟೈರು ಪರೀಕ್ಷಿಸಿಯೇ ಹಣ ಕಟ್ಟಿ.