ಬೆಂಕಿ ಬಿದ್ದಲ್ಲೇ ಉಳಿದ ಚಿಟ್ಟೆ

ಪ್ರಶ್ನೆ: ಅಮೆರಿಕದ ಸೈನ್ಯ ಫಿರಂಗಿ ಹಾರಿಸಿ ತಾಲೀಮು ಮಾಡುವ ಜಾಗದಲ್ಲಿ ಅಪರೂಪದ ಚಿಟ್ಟೆಯೊಂದು ಉಳಿದಿದೆಯಂತೆ. ಬೆಂಕಿಗೆ ಅದು ಸಾಯಲ್ವಾ? ಬೇಲಿ ಹಾಕಿ ಕಾಪಾಡಬಹುದಲ್ವಾ?
– ಒಬ್ಬ ಓದುಗರು, ಸಾಗರ

ಉತ್ತರ: ಸಾಯುತ್ತದೆ. ಆದರೂ ಅದಕ್ಕೆ ಬೆಂಕಿ ಬೇಕು.

ನೀವು ಕೇಳಿದ್ದು ಸೇಂಟ್ ಫ್ರಾನ್ಸಿಸ್ ಸೇಟರ್ ಬಗ್ಗೆ. ನಿಯೋನಿಂಫಾ ಕುಲದ ಮಿಚೆಲ್ಸ್ ಸೇಟರ್ ಅನ್ನುವ ಚಿಟ್ಟೆಯ ಉಪಪ್ರಭೇದ ಇದು. 1983ರಲ್ಲಿ ಉತ್ತರ ಕೆರೊಲಿನಾದ ಫೋರ್ಟ್ ಬ್ರ್ಯಾಗ್ ಸೇನಾ ನೆಲೆಯಲ್ಲಿ ಸಿಕ್ಕಿತು. ಬೇರೆಲ್ಲೂ ಇಲ್ಲ. ನಿಮ್ಮ ತೋಟದಂಚಿನ ಹುಲ್ಲಲ್ಲಿ ಕುಪ್ಪಳಿಸಿದಂತೆ ಹಾರುವ ಕಂದು ಚಿಟ್ಟೆಗಳ ಬಳಗವೇ. ಇದೂ ಕಂದು. ರೆಕ್ಕೆ ಮಡಚಿ ಕೂತಾಗ ನೋಡಬೇಕು: ಸಾಲಾಗಿ ಕಪ್ಪು ಕಣ್ಣುಗಳು, ಒಂದೊಂದರ ಸುತ್ತಲೂ ಹಳದಿ ಉಂಗುರ. ಹಾರಾಡುವುದು ಮೂರ್ನಾಲ್ಕು ದಿನ ಅಷ್ಟೇ.

ಇದರ ಹುಳು ತಿನ್ನುವುದು ಜೇಕಿನ ಜಾತಿಯ ಹುಲ್ಲು. ಆ ಹುಲ್ಲಿಗೆ ತೇವವೂ ಬೇಕು, ಬಿಸಿಲೂ ಬೇಕು. ಮರ ಬೆಳೆದು ನೆರಳಾಯಿತೋ, ಹುಲ್ಲು ಹೋಯಿತು, ಚಿಟ್ಟೆಯೂ ಹೋಯಿತು. ಹಿಂದೆಲ್ಲ ಬೀವರ್‌ಗಳು, ಅಂದರೆ ನೀರಲ್ಲಿ ಬದುಕುವ, ಮರ ಕಡಿಯುವ ದೊಡ್ಡ ದಂಶಕಗಳು, ಹಳ್ಳಕ್ಕೆ ಒಡ್ಡು ಕಟ್ಟುತ್ತಿದ್ದವು. ನೀರು ನಿಂತು ಮರ ಸಾಯುತ್ತಿತ್ತು, ಒಡ್ಡು ಒಡೆದ ಮೇಲೆ ಅಲ್ಲಿ ಜೌಗು ಹುಲ್ಲುಗಾವಲು. ಕಾಡುಬೆಂಕಿಯೂ ಮರಗಿಡಗಳನ್ನು ತಡೆಯುತ್ತಿತ್ತು. ಜನ ಬೀವರ್ ಓಡಿಸಿದರು, ಬೆಂಕಿ ಆರಿಸಿದರು. ಗುಂಡು ಬೀಳುವ ಜಾಗದಲ್ಲಿ ಮಾತ್ರ ಕಿಡಿ ಬಿದ್ದು ಆಗಾಗ ಉರಿಯುತ್ತಲೇ ಇತ್ತು. ಒಂದು ಕಡೆ ಹುಳುಗಳು ಸುಟ್ಟರೂ ಹುಲ್ಲು ಮತ್ತೆ ಚಿಗುರಿದಾಗ ಪಕ್ಕದಿಂದ ಚಿಟ್ಟೆ ಬಂದು ಮೊಟ್ಟೆ ಇಟ್ಟವು.

ಬೇಲಿಯ ಮಾತು. ವಿಜ್ಞಾನಿ ನಿಕ್ ಹ್ಯಾಡಡ್ ಅವರ ತಂಡವೂ ಮೊದಲು ಬೆಂಕಿ, ಬೀವರ್ ಎರಡನ್ನೂ ದೂರವಿಟ್ಟೇ ಕಾಪಾಡಲು ಹೋಯಿತು. ಕಣ್ಣೆದುರೇ ಚಿಟ್ಟೆ ಕಡಿಮೆಯಾದವು. 2011ರಿಂದ ಮರ ಕಡಿದು, ಬೀವರ್ ಒಡ್ಡಿನ ಹಾಗೆ ಹಳ್ಳಕ್ಕೆ ಉಬ್ಬಿಸುವ ರಬ್ಬರ್ ಒಡ್ಡು ಹಾಕಿದರು. ಜೇಕು ಎದ್ದಿತು, ಚಿಟ್ಟೆ ಜಾಸ್ತಿಯಾದವು. ಇಷ್ಟು ಸಣ್ಣ ಜೀವಕ್ಕಾಗಿ ಇಷ್ಟು ವರ್ಷ ಕೆಸರಲ್ಲಿ ನಿಂತವರ ಬಗ್ಗೆ ನನಗೆ ತುಂಬಾ ಗೌರವ.

ಇದೇ ಪ್ರಭೇದದ ಇನ್ನೊಂದು ಉಪಪ್ರಭೇದ, ಮಿಚಿಗನ್‌ನ ಮಿಚೆಲ್ಸ್ ಸೇಟರ್‌ಗೂ ಕಷ್ಟವೇ. ಅದಿರುವ ಜೌಗಿಗೆ ನೆಲದೊಳಗಿನ ಸುಣ್ಣದ ನೀರೇ ಆಧಾರ. ಬಸಿಗಾಲುವೆ ತೋಡಿದರೆ ಮುಗಿಯಿತು. ನ್ಯೂಜೆರ್ಸಿಯಲ್ಲಿ ಈಗ ಅದು ಇಲ್ಲವೇ ಇಲ್ಲ.

ಹಾಗಂತ ನಿಮ್ಮೂರ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಬೆಂಕಿ ಕೊಡಬೇಡಿ. ಫೋರ್ಟ್ ಬ್ರ್ಯಾಗ್‌ನಲ್ಲಿ ಉರಿದದ್ದು ಅಲ್ಲೊಂದು ತುಂಡು, ಇಲ್ಲೊಂದು ತುಂಡು. ಇಡೀ ಬ್ಯಾಣ ಒಟ್ಟಿಗೆ ಸುಟ್ಟರೆ ಪಕ್ಕದಿಂದ ಬರಲು ಚಿಟ್ಟೆ ಎಲ್ಲಿರುತ್ತದೆ?