ರಾಮಕಿಂಕರರ ಸಿಮೆಂಟು ಯಾಕೆ ಒರಟು?

ಹಾಸನದ ಓದುಗರೊಬ್ಬರ ಕಾಗದ: "ಕಳೆದ ಸಂಚಿಕೆಯಲ್ಲಿ ಶಾಂತಿನಿಕೇತನದಲ್ಲಿರುವ, ರಾಮಕಿಂಕರ ಬೈಜ್ ಅವರ 'ಸಂತಾಲ್ ಕುಟುಂಬ' ಶಿಲ್ಪದ ಫೋಟೋ ಹಾಕಿ, ದೊಡ್ಡ ಕೃತಿ ಅಂತ ಬರೆದಿದ್ದೀರಿ. ನಮ್ಮೂರ ಗಾರೆ ಮೇಸ್ತ್ರಿ ಇದಕ್ಕಿಂತ ನುಣ್ಣಗೆ ಸಿಮೆಂಟ್ ಮೆತ್ತುತ್ತಾನೆ. ಹಳೇಬೀಡು ನೋಡಿ ಬೆಳೆದ ಕಣ್ಣಿಗೆ ಇದು ಅರ್ಧಕ್ಕೆ ಬಿಟ್ಟ ಕೆಲಸ. ಇದರಲ್ಲಿ ಹೊಸದೇನಿದೆ? ಮುಂದಿನ ತಿಂಗಳು ದೆಹಲಿಗೆ ಹೋಗುತ್ತಿದ್ದೇನೆ, ಅಲ್ಲಿ ಇವರ ಕೆಲಸ ಏನಾದರೂ ಸಿಗುತ್ತದಾ?"

ಸಂಪಾದಕರ ಉತ್ತರ:

ಮೇಸ್ತ್ರಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಅವರು ಖಂಡಿತ ಇದಕ್ಕಿಂತ ನುಣ್ಣಗೆ ಮಾಡುತ್ತಾರೆ. ಅರ್ಧಕ್ಕೆ ಬಿಟ್ಟ ಕೆಲಸ ಅನ್ನುವುದನ್ನು ಮಾತ್ರ ಒಪ್ಪಲಾರೆ.

ಹಳೇಬೀಡಿನಿಂದಲೇ ಶುರು ಮಾಡೋಣ. ಹೊಯ್ಸಳ ಶಿಲ್ಪಿಗಳ ಕೈಯಲ್ಲಿದ್ದದ್ದು ಬಳಪದ ಕಲ್ಲು. ಹೊಸದಾಗಿ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಬಹುದು. ಬೆನ್ನ ಹಿಂದೆ ದುಡ್ಡಿದ್ದವರೂ ಇದ್ದರು. ರಾಮಕಿಂಕರ ಬೈಜ್ ಅವರಿಗೆ ಸಿಕ್ಕಿದ್ದೇನು? ಕಬ್ಬಿಣದ ಕಂಬಿ, ಸಿಮೆಂಟು, ಮತ್ತೆ ಶಾಂತಿನಿಕೇತನದ ನೆಲದಲ್ಲೇ ಬಿದ್ದಿರುವ ಕೆಂಪು ಹರಳು. ನಮ್ಮ ಕರಾವಳಿಯ ಮುರಕಲ್ಲಿನ ಜಾತಿಯದೇ ಅದು. ಕಂಚಿನಲ್ಲಿ ಅಷ್ಟು ದೊಡ್ಡದನ್ನು ಎರಕ ಹೊಯ್ಯಲು ದುಡ್ಡು ಕೊಡುವವರು ಯಾರು?

ಅವರು ಹುಟ್ಟಿದ್ದು 1906ರಲ್ಲಿ, ಬಂಗಾಳದ ಬಾಂಕುಡಾದ ಬಡ ಕುಟುಂಬದಲ್ಲಿ. (ಆ ಕಡೆಯ ಆದಿವಾಸಿಗಳಾದ ಸಂತಾಲರ ಶಿಲ್ಪಗಳನ್ನು ಅಷ್ಟೊಂದು ಮಾಡಿದ್ದರಿಂದ ಅವರೂ ಸಂತಾಲರೇ ಅಂದುಕೊಂಡವರು ಬಹಳ. ಅಲ್ಲ.) ಅಸಹಕಾರ ಚಳವಳಿಯ ಕಾಲದಲ್ಲಿ ನಾಯಕರ ಚಿತ್ರ ಬರೆಯುತ್ತಿದ್ದ ಹುಡುಗ. ಅವನನ್ನು ಗುರುತಿಸಿ, 1925ರಲ್ಲಿ ಶಾಂತಿನಿಕೇತನಕ್ಕೆ ದಾರಿ ಮಾಡಿಕೊಟ್ಟವರು ಬಾಂಕುಡಾದವರೇ ಆದ ರಾಮಾನಂದ ಚಟರ್ಜಿ, 'ಮಾಡರ್ನ್ ರಿವ್ಯೂ' ಪತ್ರಿಕೆಯ ಸಂಪಾದಕರು. ಸಂಪಾದಕರಿಂದಲೂ ಒಮ್ಮೊಮ್ಮೆ ಉಪಕಾರವಾಗುತ್ತದೆ ನೋಡಿ! ಅಲ್ಲಿ ಗುರುವಾಗಿ ಸಿಕ್ಕಿದವರು ಚಿತ್ರಕಾರ ನಂದಲಾಲ್ ಬೋಸ್. ನಮ್ಮ ಕೆ. ವೆಂಕಟಪ್ಪನವರ ಜೊತೆಗೇ ಅಬನೀಂದ್ರನಾಥ ಟಾಗೋರರ ಬಳಿ ಕಲಿತವರು ಅವರು. ರಾಮಕಿಂಕರ ಆಮೇಲೆ ಅಲ್ಲೇ ಮೇಷ್ಟರಾದರು, ಬೇರೆಲ್ಲೂ ಹೋಗಲಿಲ್ಲ.

ಈಗ 1938ರ 'ಸಂತಾಲ್ ಕುಟುಂಬ'ಕ್ಕೆ ಬನ್ನಿ. ಕೂಲಿಗಾಗಿ ಗುಳೆ ಹೊರಟ ಸಂಸಾರ. ಗಂಡ ಹೆಗಲ ಮೇಲೆ ಅಡ್ಡೆ ಹೊತ್ತಿದ್ದಾನೆ, ಅದರ ಒಂದು ಬುಟ್ಟಿಯಲ್ಲಿ ಮಗು. ಹೆಂಡತಿಯ ಸೊಂಟದಲ್ಲಿ ಇನ್ನೊಂದು. ಪಕ್ಕದಲ್ಲಿ ನಾಯಿ. ಆಳಿಗಿಂತ ದೊಡ್ಡ ಆಕಾರಗಳು, ಆದರೆ ನಿಂತಿರುವುದು ತಗ್ಗು ಕಟ್ಟೆಯ ಮೇಲೆ. ಊರ ಚೌಕದ ಪ್ರತಿಮೆ ನೋಡಿದ ಹಾಗೆ ಕತ್ತು ಎತ್ತಬೇಕಿಲ್ಲ, ನಿಮ್ಮ ಪಕ್ಕದಲ್ಲೇ ನಡೆದುಹೋಗುತ್ತಿದ್ದಾರೆ ಅನ್ನಿಸುತ್ತದೆ. ಭಾರತದ ಮೊದಲ ಆಧುನಿಕ ಸಾರ್ವಜನಿಕ ಶಿಲ್ಪ ಅಂತ ಇದನ್ನು ಹಲವರು ಕರೆಯುತ್ತಾರೆ. ಆ ಕಾಲದಲ್ಲಿ ಪ್ರತಿಮೆ ಅಂದರೆ ವೈಸ್‌ರಾಯ್, ಮಹಾರಾಜ, ಹೆಚ್ಚೆಂದರೆ ದೊಡ್ಡ ದಾನಿ. ಕೂಲಿಯವನಿಗೆ, ಅವನ ನಾಯಿಗೆ ಅಂಥ ಜಾಗ ಯಾರು ಕೊಟ್ಟಿದ್ದರು?

ಒರಟುತನ ಬಂದದ್ದು ಮಾಡಿದ ರೀತಿಯಿಂದ. ಕಂಬಿಯ ಹಂದರ ಕಟ್ಟಿ, ಸಿಮೆಂಟಿಗೆ ಹರಳು ಕಲಸಿ, ಹಸಿ ಇರುವಾಗಲೇ ಅದರ ಮೇಲೆ ಎಸೆದು ಮೆತ್ತುವುದು. ಅಚ್ಚಿಲ್ಲ, ಎರಕವಿಲ್ಲ. ಸಿಮೆಂಟು ಸೆಟ್ ಆಗುವುದರೊಳಗೆ ಕೈ ಓಡಬೇಕು. ಕೆರೆದು ತಿದ್ದುವುದೂ ಆ ಅವಸರದಲ್ಲೇ. ಅದರ ಮೇಲೆ ಒಂದು ಕೋಟು ನುಣ್ಣನೆ ಗಾರೆ ಬಳಿದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಬಳಿದಿದ್ದರೆ ಏನಾಗುತ್ತಿತ್ತು? ಹರಳೆಲ್ಲ ಮುಚ್ಚಿಹೋಗುತ್ತಿತ್ತು. ಬಿಸಿಲು ಆ ಮೈಮೇಲೆ ಬಿದ್ದು ಒಡೆದು ಕಾಣುವುದೂ ತಪ್ಪುತ್ತಿತ್ತು. ಆ ಜನ ನಡೆಯುವ ಮಣ್ಣಿನ ಹರಳೇ ಅವರ ಮೈಯಲ್ಲಿ ಎದ್ದು ಕಾಣುತ್ತಿದೆ, ಅಲ್ವಾ? ನನ್ನ ಮಟ್ಟಿಗೆ ಇಲ್ಲಿ ಹೊಸದು ಅಂದರೆ ಇದೇ.

ಒರಟೊಂದೇ ಅವರಿಗೆ ಗೊತ್ತಿದ್ದದ್ದು ಅಂತಲೂ ಅಲ್ಲ. 1935ರ 'ಸುಜಾತಾ' ಮರಗಳ ನಡುವೆ ತೆಳ್ಳಗೆ, ಉದ್ದಕ್ಕೆ ನಿಂತಿರುವ ಹುಡುಗಿ. ತಲೆಯ ಮೇಲೊಂದು ಪಾತ್ರೆ ಇಡು ಎಂದು ನಂದಲಾಲರು ಸೂಚಿಸಿದ ಮೇಲೆ ಅವಳು ಬುದ್ಧನಿಗೆ ಪಾಯಸ ಒಯ್ಯುವ ಸುಜಾತೆಯಾದಳು. 1940ರ 'ದೀಪಸ್ತಂಭ'ದಲ್ಲಿ ಮನುಷ್ಯಾಕಾರವೇ ಇಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ 1956ರ 'ಮಿಲ್ ಕಾಲ್'. ಮಿಲ್ಲಿನ ಸೈರನ್ ಕೇಳಿ ಓಡುತ್ತಿರುವ ಇಬ್ಬರು ಹೆಂಗಸರು. ಒದ್ದೆ ಸೀರೆ ಒಣಗಿಸಲೂ ಪುರಸೊತ್ತಿಲ್ಲ, ಓಡುತ್ತಲೇ ಗಾಳಿಗೆ ಹಿಡಿದಿದ್ದಾರೆ. ಸಿಮೆಂಟಿನಲ್ಲಿ ಗಾಳಿ ತೋರಿಸುವುದು ಸುಮ್ನೆ ಮಾತಲ್ಲ.

ದುಡ್ಡು ಅವರ ಹತ್ತಿರ ನಿಲ್ಲಲಿಲ್ಲ. ಹುಲ್ಲಿನ ಮಾಡು ಸೋರಿದಾಗ ತಾವೇ ಬರೆದ ಆಯಿಲ್ ಪೇಂಟಿಂಗುಗಳನ್ನು ಅಡ್ಡ ಇಟ್ಟು ನೀರು ತಡೆಯುತ್ತಿದ್ದರಂತೆ. 1970ರಲ್ಲಿ ಪದ್ಮಭೂಷಣ ಬಂತು. 1975ರಲ್ಲಿ ಬಂಗಾಳಿ ಚಿತ್ರ ನಿರ್ದೇಶಕ ಋತ್ವಿಕ್ ಘಟಕ್, ರಾಮಕಿಂಕರರ ಬಗ್ಗೆ ಸಾಕ್ಷ್ಯಚಿತ್ರ ತೆಗೆಯತೊಡಗಿದರು. ಮುಗಿಸುವ ಮೊದಲೇ ಘಟಕ್ ತೀರಿಕೊಂಡರು. ರಾಮಕಿಂಕರ ಹೋದದ್ದು 1980ರಲ್ಲಿ.

ನಿಮ್ಮ ಹಳೇಬೀಡೂ ಈ ಶಾಂತಿನಿಕೇತನವೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ಸಭೆಯಲ್ಲಿ, 2023ರ ಸೆಪ್ಟೆಂಬರಿನಲ್ಲಿ. ಇದನ್ನು ವಾದಕ್ಕೆ ಹೇಳುತ್ತಿಲ್ಲ, ಪಟ್ಟಿಯಿಂದ ಯಾರ ರುಚಿಯೂ ಬದಲಾಗುವುದಿಲ್ಲ.

ದೆಹಲಿಯಲ್ಲಿ ಸಂಸದ್ ಮಾರ್ಗದ ರಿಸರ್ವ್ ಬ್ಯಾಂಕಿಗೆ ಹೋಗಿ. ಬಾಗಿಲ ಎರಡೂ ಬದಿಗೆ ಅವರ ಯಕ್ಷ, ಯಕ್ಷಿ ನಿಂತಿದ್ದಾರೆ. ಯಕ್ಷ ಉದ್ಯಮಕ್ಕೆ, ಯಕ್ಷಿ ಬೇಸಾಯಕ್ಕೆ ಸಂಕೇತ. ಇದು ಸಿಮೆಂಟಲ್ಲ, ಕಾಂಗ್ರಾ ಕಣಿವೆಯಿಂದ ತರಿಸಿದ ಮರಳುಗಲ್ಲು. 1950ರ ದಶಕದಲ್ಲಿ ಅವರಿಗೆ ವಹಿಸಿದ ಕೆಲಸ ಮುಗಿಯುವ ಹೊತ್ತಿಗೆ 1960ರ ದಶಕವೂ ಮುಗಿಯುತ್ತ ಬಂದಿತ್ತು. ಬ್ಯಾಂಕಿನ ಮುಂದೆ ಬೆತ್ತಲೆ ಹೆಂಗಸು ಯಾಕೆ ಅಂತ ರಾಜ್ಯಸಭೆಯಲ್ಲೂ ಪ್ರಶ್ನೆ ಎದ್ದಿತು. ರಸ್ತೆಯಿಂದಲೇ ಕಾಣುತ್ತವೆ, ಪಾಸು ಗೀಸು ಬೇಡ. ಸಮಯ ಇದ್ದರೆ ಜೈಪುರ್ ಹೌಸಿನ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್‌ಗೂ ಹೋಗಿ, ಅಲ್ಲಿ ಅವರ ಚಿತ್ರ, ಶಿಲ್ಪಗಳ ಸಂಗ್ರಹವಿದೆ. ಸೋಮವಾರ ಹೋಗಬೇಡಿ, ಅವತ್ತು ರಜೆ.